ಬಸುರಿನಲ್ಲಿ ಲವಲವಿಕೆಗೆ ಎಂಟು ಸೂತ್ರಗಳು

ತೊಡಕಿಲ್ಲದ ಬಸುರಿನಲ್ಲಿ ಒಂಬತ್ತು ತಿಂಗಳೂ ಮಂಚ ಹಿಡಿದು ಕೂರಬೇಕಿಲ್ಲ. ಹದವಾಗಿ ಮೈ ಆಡಿಸುತ್ತಿದ್ದರೆ ತೂಕ ಮಿತಿಮೀರದು, ಬಸುರಿನಲ್ಲಿ ಕಾಣಿಸಿಕೊಳ್ಳುವ ಸಕ್ಕರೆ ಕಾಯಿಲೆಯ ಅಪಾಯವೂ ತಗ್ಗುತ್ತದೆ.

1. ಮೊದಲು ವೈದ್ಯರನ್ನು ಕೇಳಿ. ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿದ್ದರೆ, ಬಿಪಿ ಏರಿದ್ದರೆ, ರಕ್ತಹೀನತೆ ತೀವ್ರವಾಗಿದ್ದರೆ ವ್ಯಾಯಾಮ ಬೇಡ ಎನ್ನಬಹುದು. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ತಪಾಸಣೆ ಉಚಿತ. ತಾಯಿ ಕಾರ್ಡ್ ಮರೆಯದೆ ಒಯ್ಯಿರಿ.

2. ವಾರಕ್ಕೆ 150 ನಿಮಿಷ ಗುರಿಯಿರಲಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕವಿದು. ದಿನಕ್ಕೆ 30 ನಿಮಿಷದಂತೆ ಐದು ದಿನ ನಡೆದರಾಯಿತು. ರೂಢಿಯಿಲ್ಲದವರು ಹತ್ತು ನಿಮಿಷದಿಂದ ಶುರುಮಾಡಿ, ನಿಧಾನವಾಗಿ ಏರಿಸಿ.

3. ಮಾತಾಡಿ ನೋಡಿಕೊಳ್ಳಿ. ನಡೆಯುತ್ತಲೇ ಜೊತೆಗಿದ್ದವರೊಡನೆ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಿದೆ. ಎರಡು ಮಾತಿಗೇ ಏದುಸಿರು ಬಂದರೆ ನಿಧಾನಿಸಿ.

4. ಅಡುಗೆಮನೆಯಲ್ಲಿ ನಿಂತದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಗಂಟೆಗಟ್ಟಲೆ ಒಲೆ ಮುಂದೆ ನಿಂತರೆ ಕಾಲು ಬಾವು ಬರುತ್ತದೆ, ಸೊಂಟ ಹಿಡಿಯುತ್ತದೆ. ತರಕಾರಿ ಹೆಚ್ಚುವುದು, ಸೊಪ್ಪು ಬಿಡಿಸುವುದು ಕೂತೇ ಆಗಲಿ. ತುಂಬಿದ ಬಿಂದಿಗೆ, ಸಿಲಿಂಡರ್ ಎತ್ತುವ ಕೆಲಸ ಮನೆಯವರಿಗಿರಲಿ.

5. ಬೀಳದಂತೆ ಎಚ್ಚರ ವಹಿಸಿ. ಬಸುರಿನ ಹಾರ್ಮೋನುಗಳಿಂದ ಕೀಲುಗಳು ಸಡಿಲವಾಗುತ್ತವೆ. ಹೊಟ್ಟೆ ಮುಂದೆ ಬಂದಂತೆ ಮೈಯ ಸಮತೋಲವೂ ಬದಲಾಗುತ್ತದೆ. ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಅಥವಾ ಶೂ ಹಾಕಿ. ಸೀರೆ ನೆರಿಗೆ ಕಾಲಿಗೆ ಸಿಗದಷ್ಟು ಮೇಲಿರಲಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ ಬಿಟ್ಟು ಜಗಲಿಯಲ್ಲೇ ಓಡಾಡಿ.

6. ಮೂರು ತಿಂಗಳು ತುಂಬಿದ ಮೇಲೆ ಅಂಗಾತ ಮಲಗಿ ಮಾಡುವ ವ್ಯಾಯಾಮ ಬೇಡ. ಬೆಳೆಯುವ ಗರ್ಭಕೋಶ ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ನಾಳವನ್ನು ಒತ್ತಿದರೆ ತಲೆಸುತ್ತು ಬರುತ್ತದೆ. ಹೊಟ್ಟೆ ಅದುಮುವ, ತಿರುಚುವ ಆಸನಗಳನ್ನೂ ಬಿಡಿ. ಯೋಗ ಕಲಿಸುವವರಿಗೆ ಎಷ್ಟನೇ ತಿಂಗಳೆಂದು ಮೊದಲೇ ತಿಳಿಸಿ.

7. ಸೊಂಟದ ತಳದ ಸ್ನಾಯುಗಳಿಗೂ ಕೆಲಸ ಕೊಡಿ. ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುಗಳನ್ನು ಐದು ಸೆಕೆಂಡ್ ಬಿಗಿಹಿಡಿದು ಸಡಿಲಿಸಿ. ಉಸಿರು ಕಟ್ಟಬೇಡಿ. ಒಂದು ಸಲಕ್ಕೆ ಹತ್ತರಂತೆ, ದಿನಕ್ಕೆ ಮೂರು ಸಲ ಸಾಕು. ಕೆಮ್ಮಿದಾಗ, ಸೀನಿದಾಗ ಮೂತ್ರ ಜಿನುಗುವ ತೊಂದರೆ ಇದರಿಂದ ಕಡಿಮೆಯಾಗುತ್ತದೆ. ಬಸ್ಸಿನಲ್ಲಿ ಕೂತೂ ಮಾಡಬಹುದು, ಪಕ್ಕದವರಿಗೆ ಗೊತ್ತೇ ಆಗುವುದಿಲ್ಲ.

8. ಬಿಸಿಲಿಗೆ ಬೀಳಬೇಡಿ, ನೀರು ಮರೆಯಬೇಡಿ. ಕಲಬುರಗಿ, ರಾಯಚೂರಿನಂಥ ಕಡೆ ಬೇಸಿಗೆಯಲ್ಲಿ ನಸುಕಿನ ನಡಿಗೆಯೇ ಲೇಸು. ಬರಿಹೊಟ್ಟೆಯಲ್ಲಿ ಹೊರಡಬೇಡಿ.

ಕೊನೆಯದಾಗಿ, ರಕ್ತಸ್ರಾವ, ನೀರು ಹೋಗುವುದು, ಬಿಟ್ಟುಬಿಟ್ಟು ಬರುವ ಹೊಟ್ಟೆನೋವು, ಎದೆನೋವು, ತಲೆಸುತ್ತು, ಒಂದೇ ಮೀನಖಂಡದಲ್ಲಿ ನೋವು-ಬಾವು: ಇವುಗಳಲ್ಲಿ ಯಾವುದು ಕಂಡರೂ ವ್ಯಾಯಾಮ ನಿಲ್ಲಿಸಿ, ತಕ್ಷಣ ಆಸ್ಪತ್ರೆಗೆ ಹೋಗಿ. ನಾಳೆ ನೋಡೋಣ ಎಂದು ಕಾಯಬೇಡಿ.