ಗಾಳಿಯ ಶೋಧಕ: ಯಾವುದು, ಎಲ್ಲಿ?

ಮಲಪ್ರಭೆಯ ದಂಡೆಯ ಹೊಳೆಮಣ್ಣೂರಿನಲ್ಲಿ ಮನೆಯನ್ನು ಬೆಚ್ಚಗಿಡುವ ಯಂತ್ರ ಬೇಕಾಗದು. ಶೀತದೇಶಗಳಲ್ಲಾದರೋ ಬಿಸಿಗಾಳಿಯ ಕೊಳವೆಗೆ ಶೋಧಕವನ್ನು ಅಳವಡಿಸುವರು. ಅದರ ತತ್ತ್ವವನ್ನು ಅರಿತರೆ ನಮ್ಮ ಅಡುಗೆಮನೆಗೂ ಒಂದು ಪಾಠ ದೊರೆಯುವುದು.

ಶೋಧಕವೆಂದರೆ ಜರಡಿ ಎಂದು ನಾವು ಭಾವಿಸುತ್ತೇವೆ. ಅದು ಪೂರ್ಣ ಸತ್ಯವಲ್ಲ. ದಪ್ಪ ಕಣಗಳು ಗಾಳಿಯೊಡನೆ ತಿರುಗಲಾರದೆ ಎಳೆಗಳಿಗೆ ಬಡಿದು ಅಂಟುತ್ತವೆ. ಅತಿಸೂಕ್ಷ್ಮ ಕಣಗಳು ಗಾಳಿಯ ಅಣುಗಳ ತಾಡನದಿಂದ ಅತ್ತಿತ್ತ ಅಲೆದು ಎಳೆಗಳಿಗೆ ಸಿಕ್ಕುತ್ತವೆ. ಹೆಚ್ಚಾಗಿ ನುಣುಚಿಕೊಳ್ಳುವವು ಇವೆರಡರ ನಡುವಣ, ಸುಮಾರು 0.3 ಮೈಕ್ರಾನ್ ಗಾತ್ರದವು. ಉತ್ತಮ ಶೋಧಕದ ಪರೀಕ್ಷೆ ಈ ಗಾತ್ರದಲ್ಲಿಯೇ.

ಎಳೆಗಳು ಒತ್ತಾದಷ್ಟೂ ಗಾಳಿಗೆ ತಡೆ ಹೆಚ್ಚು. ಹಾಳೆಯನ್ನು ನಿರಿಗೆಯಾಗಿ ಮಡಿಸಿ ವಿಸ್ತಾರವನ್ನು ಹೆಚ್ಚಿಸಿದರೆ ತಡೆ ತಗ್ಗುವುದು. ಶೋಧಕದ ಸ್ಥಾನವು ಕೋಣೆಯ ಗಾಳಿ ಯಂತ್ರಕ್ಕೆ ಮರಳುವ ದಾರಿಯಲ್ಲಿ, ಪಂಖಕ್ಕೆ ಮುನ್ನ. ಅಂಚಿನಲ್ಲಿ ಸಂದು ಉಳಿದರೆ ಧೂಳು ಅಲ್ಲಿಂದಲೇ ನುಸುಳುವುದು.

ಆದರೆ ಎಳೆಗಳು ಕಣಗಳನ್ನು ಹಿಡಿಯುವುವೇ ಹೊರತು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನಲ್ಲ. ಸೌದೆಯ ಒಲೆಯ ಮುಂದೆ ಕುಳಿತ ತಾಯಿಗೆ ಮೊದಲು ಬೇಕಾದುದು ಹೊಗೆಕೊಳವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗವು ರೂಪಿಸಿದ ಒಲೆಯಲ್ಲಿ ಅದು ಉಂಟು. ಹೊಗೆಯನ್ನು ಮೊದಲು ಹೊರಗಟ್ಟೋಣ. ಉಳಿದ ಧೂಳನ್ನಷ್ಟೇ ಶೋಧಕಕ್ಕೆ ಬಿಡೋಣ.