ಪೀಣ್ಯದ ಪುಟ್ಟ ಕಚೇರಿಯ ಸರ್ವರಿಗೆ ಯಾವ ಫೈಬರ್? — ಹತ್ತನೇ ತರಗತಿಗೆ ಒಂದು ವಿಸ್ತರಣಾ ಪಾಠ

ತರಗತಿ: 10. ವಿಷಯ: ವಿಜ್ಞಾನ. ಘಟಕ: ಬೆಳಕು – ಪ್ರತಿಫಲನ ಮತ್ತು ವಕ್ರೀಭವನ. ಅವಧಿ: 40 ನಿಮಿಷಗಳ ಎರಡು ತರಗತಿಗಳು.

ಪಾಠದ ಹಿನ್ನೆಲೆ

ಪೀಣ್ಯ ಕೈಗಾರಿಕಾ ಪ್ರದೇಶದ ಆಸುಪಾಸಿನ ಶಾಲೆಗಳಲ್ಲಿ ಮೆಷಿನ್ ಶಾಪು, ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವವರ ಮಕ್ಕಳು ಬಹಳ. ಮನೆಗೆ ಬಂದ ಫೈಬರ್ ಇಂಟರ್‌ನೆಟ್ಟನ್ನೂ ಹೆಚ್ಚಿನವರು ಕಂಡಿದ್ದಾರೆ. "ಫೈಬರ್ ಯಾಕೆ ಸ್ಪೀಡು?" ಎಂದು ಕೇಳಿದರೆ ಥಟ್ಟನೆ ಬರುವ ಉತ್ತರ: "ಬೆಳಕು ವೇಗವಾಗಿ ಹೋಗುತ್ತಲ್ಲ ಮಿಸ್, ಅದಕ್ಕೆ." ಈ ಉತ್ತರ ಕೇಳಲು ಸರಿ ಎನಿಸಿದರೂ ತಪ್ಪು. ಪಠ್ಯದಲ್ಲಿರುವ ವಕ್ರೀಭವನ ಸೂಚ್ಯಂಕವನ್ನೇ ಬಳಸಿ ಅದನ್ನು ಮಕ್ಕಳೇ ತಿದ್ದಿಕೊಳ್ಳುವಂತೆ ಮಾಡುವುದು ಈ ಪಾಠದ ಗುರಿ. ಪೂರ್ಣ ಆಂತರಿಕ ಪ್ರತಿಫಲನ ಪಿಯುಸಿಯಲ್ಲಿ ವಿವರವಾಗಿ ಬರುತ್ತದೆ. ಇಲ್ಲಿ ಸ್ನೆಲ್‌ನ ನಿಯಮದ ಮುಂದುವರಿಕೆಯಾಗಿ ಮಾತ್ರ ಬಳಸಿದ್ದೇನೆ.

ಕಲಿಕಾ ಸಾಮಗ್ರಿ

ಒಂದು ಲೀಟರಿನ ಪಾರದರ್ಶಕ ಬಾಟಲಿ, ನೀರು, ಬಕೆಟ್, ಲೇಸರ್ ಪಾಯಿಂಟರ್, ಕ್ಯಾಲ್ಕುಲೇಟರ್, ಹಳೆಯ ಹಳದಿ ಪ್ಯಾಚ್ ಕಾರ್ಡ್ ಒಂದು. ಲೇಸರನ್ನು ಶಿಕ್ಷಕರೇ ಹಿಡಿಯಬೇಕು. ಪ್ಯಾಚ್ ಕಾರ್ಡನ್ನು ಯಾವ ಉಪಕರಣಕ್ಕೂ ಜೋಡಿಸಬಾರದು: ಅದರಲ್ಲಿ ಹರಿಯುವ ಬೆಳಕು ಅವರಕ್ತ, ಕಣ್ಣಿಗೆ ಕಾಣದೆಯೇ ಹಾನಿ ಮಾಡಬಲ್ಲದು.

ತೊಡಗಿಸಿಕೊಳ್ಳುವಿಕೆ

ಕಪ್ಪುಹಲಗೆಯ ಮೇಲೆ ಈ ಕಲ್ಪಿತ ಸಮಸ್ಯೆಯನ್ನು ಬರೆಯಿರಿ. ಒಂದು ಸಣ್ಣ ಕಾರ್ಖಾನೆಯ ಮುಂಭಾಗದ ಕಚೇರಿಯಲ್ಲಿ ಸರ್ವರ್ ಇದೆ. ಹಿಂದಿನ ಶೆಡ್ಡಿನಲ್ಲಿ ಡಿಸೈನ್ ಕಂಪ್ಯೂಟರುಗಳೂ ಸಿಎನ್‌ಸಿ ಯಂತ್ರಗಳೂ ಇವೆ. ನಡುವೆ ಕೇಬಲ್ ಹಾಯಬೇಕಾದ ದೂರ 220 ಮೀಟರ್. ಮಾಮೂಲಿ ತಾಮ್ರದ ನೆಟ್‌ವರ್ಕ್ ಕೇಬಲ್‌ಗೆ ಮಿತಿ 100 ಮೀಟರ್. ಏನು ಮಾಡೋಣ?

"ನಡುವೆ ಇನ್ನೊಂದು ಸ್ವಿಚ್ ಇಡೋಣ" ಎಂಬ ಉತ್ತರ ಬರುತ್ತದೆ. ಅದನ್ನು ತಳ್ಳಿಹಾಕಬೇಡಿ. 220 ಮೀಟರಿಗೆ ಎರಡು ಸ್ವಿಚ್ ಬೇಕು, ಅವಕ್ಕೆ ದಾರಿಯ ನಡುವೆ ಕರೆಂಟು ಬೇಕು, ಮಳೆಯಿಂದ ರಕ್ಷಣೆ ಬೇಕು ಎಂಬುದನ್ನು ಅವರಿಂದಲೇ ಹೇಳಿಸಿ. ವೆಲ್ಡಿಂಗ್ ಯಂತ್ರ, ದೊಡ್ಡ ಮೋಟರುಗಳ ವಿದ್ಯುತ್ ಗದ್ದಲ ತಾಮ್ರದ ತಂತಿಯನ್ನು ತಟ್ಟುತ್ತದೆ. ಎರಡು ಕಟ್ಟಡಗಳ ಅರ್ತಿಂಗ್ ಬೇರೆಯಾಗಿದ್ದರೆ ಸಿಡಿಲಿನ ಹೊತ್ತಿನಲ್ಲಿ ಆ ತಂತಿಯೇ ಅಪಾಯದ ದಾರಿಯಾಗುತ್ತದೆ. ಗಾಜು ವಿದ್ಯುತ್ ನಿರೋಧಕ. ಫೈಬರ್ ಬೇಕೆಂಬುದಕ್ಕೆ ವೇಗಕ್ಕಿಂತ ಮೊದಲು ನಿಲ್ಲುವ ಕಾರಣಗಳು ಇವು.

ಪರಿಶೋಧನೆ

ಬಾಟಲಿಯ ಬುಡದ ಹತ್ತಿರ ಸಣ್ಣ ತೂತು ಮಾಡಿ ನೀರು ತುಂಬಿ. ತೂತಿನ ಎದುರು ಬದಿಯಿಂದ ಲೇಸರ್ ಹಾಯಿಸಿದರೆ ಬೆಳಕು ಬಾಗಿದ ನೀರಿನ ಧಾರೆಯೊಳಗೇ ಸಾಗಿ ಬಕೆಟ್ಟಿನಲ್ಲಿ ಬೀಳುತ್ತದೆ. ಕೋಣೆಯನ್ನು ಕತ್ತಲೆ ಮಾಡಿದರೆ ಚೆನ್ನಾಗಿ ಕಾಣುತ್ತದೆ. ಜಿನೀವಾದ ಡೇನಿಯಲ್ ಕೊಲಾಡನ್ 1841ರಷ್ಟು ಹಿಂದೆಯೇ ಇದನ್ನು ತೋರಿಸಿದ್ದ. ಧಾರೆ ಚೆದುರಿದ ಜಾಗದಲ್ಲಿ ಬೆಳಕು ಸೋರುವುದನ್ನೂ ಗಮನಿಸಲು ಹೇಳಿ. ಫೈಬರನ್ನು ಗೋಡೆಯ ಮೂಲೆಯಲ್ಲಿ ಚೂಪಾಗಿ ಬಗ್ಗಿಸಬಾರದು ಎಂಬುದರ ಕಾರಣ ಅಲ್ಲೇ ಇದೆ.

ವಿವರಣೆ

ನೀರಿನ ವಕ್ರೀಭವನ ಸೂಚ್ಯಂಕ 1.33. ನೀರಿನಿಂದ ಗಾಳಿಗೆ ಹೊರಡುವ ಬೆಳಕಿನ ಪತನ ಕೋನ ಸುಮಾರು 49° ದಾಟಿದರೆ ಬೆಳಕು ಹೊರಬರದೆ ಪೂರ್ತಿ ಒಳಕ್ಕೇ ಮರಳುತ್ತದೆ. ಇದೇ ಕ್ರಾಂತಿಕೋನ. ಫೈಬರಿನಲ್ಲಿ ಒಳತಿರುಳು ಮತ್ತು ಹೊರಕವಚ ಎರಡೂ ಗಾಜೇ. ತಿರುಳಿಗೆ 1.48, ಕವಚಕ್ಕೆ 1.46 ಎಂದು ಇಟ್ಟುಕೊಂಡರೆ ಕ್ರಾಂತಿಕೋನ ಸುಮಾರು 80.6°.

ಈಗ ವೇಗದ ಲೆಕ್ಕ. ಸೆಕೆಂಡಿಗೆ 3,00,000 ಕಿ.ಮೀ. ಅನ್ನು 1.48ರಿಂದ ಭಾಗಿಸಿದರೆ ಗಾಜಿನಲ್ಲಿ ಬೆಳಕಿನ ವೇಗ ಸುಮಾರು 2,03,000 ಕಿ.ಮೀ. ತಾಮ್ರದ ನೆಟ್‌ವರ್ಕ್ ಕೇಬಲಿನಲ್ಲಿ ಸಂಕೇತ ಸಾಗುವ ವೇಗವೂ ಹೆಚ್ಚುಕಡಿಮೆ 2,00,000 ಕಿ.ಮೀ. ಎರಡನ್ನೂ ಪಕ್ಕಪಕ್ಕ ಬರೆದು ಸುಮ್ಮನಿರಿ. "ಹಾಗಾದರೆ ಎರಡೂ ಒಂದೇ ಅಲ್ವಾ ಮಿಸ್?" ಎಂಬ ಪ್ರಶ್ನೆ ಮಕ್ಕಳಿಂದಲೇ ಬರಬೇಕು.

ಉತ್ತರ ಇದು: ನಾವು 'ಸ್ಪೀಡು' ಎನ್ನುವುದು ಸಂಕೇತದ ಓಟವನ್ನಲ್ಲ, ಒಂದು ಸೆಕೆಂಡಿನಲ್ಲಿ ಎಷ್ಟು ಮಿಣುಕುಗಳನ್ನು ಒಂದರೊಳಗೊಂದು ಬೆರೆಯದಂತೆ ಕಳಿಸಬಲ್ಲೆವು ಎಂಬುದನ್ನು. ಸೆಕೆಂಡಿಗೆ 1 ಗಿಗಾಬಿಟ್ ಎಂದರೆ ಒಂದು ಬಿಟ್‌ಗೆ ಸಿಗುವ ಕಾಲ 1 ನ್ಯಾನೋಸೆಕೆಂಡ್.

ಅಗಲ ತಿರುಳಿನ ಫೈಬರಿನಲ್ಲಿ ಒಂದು ಕಿರಣ ನೇರ ಹೋಗುತ್ತದೆ, ಇನ್ನೊಂದು ಗೋಡೆಗೆ 80.6° ಕೋನದಲ್ಲಿ ತಾಗುತ್ತ ಅಂಕುಡೊಂಕಾಗಿ ಹೋಗುತ್ತದೆ. 220 ಮೀಟರಿನಲ್ಲಿ ಎರಡನೆಯದು ಸುಮಾರು 3 ಮೀಟರ್ ಹೆಚ್ಚು ನಡೆಯುತ್ತದೆ. ಅಂದರೆ ಸುಮಾರು 15 ನ್ಯಾನೋಸೆಕೆಂಡ್ ತಡ. ಒಂದು ಬಿಟ್ಟಿನ ಬೆಳಕು ಮುಂದಿನ ಹದಿನೈದು ಬಿಟ್‌ಗಳ ಮೇಲೆ ಹರಡಿಕೊಳ್ಳುತ್ತದೆ! ಬೆಳಕು ಓಡಿದರೆ ಸಾಲದು, ಎಲ್ಲ ಕಿರಣಗಳೂ ಒಟ್ಟಿಗೆ ಮುಟ್ಟಬೇಕು. ಪಾಠದ ತಿರುಳು ಈ ಒಂದು ವಾಕ್ಯ.

ವಿಸ್ತರಣೆ: ಉಪಕರಣಗಳ ಆಯ್ಕೆ

ತರಗತಿಯನ್ನು ಗುಂಪುಗಳಾಗಿಸಿ, ಪ್ರತಿ ಆಯ್ಕೆಗೂ ಕಾರಣ ಬರೆಯಿಸಿ.

*1. ಕೇಬಲ್.* ಮಲ್ಟಿಮೋಡ್ ಫೈಬರಿನ ತಿರುಳು 50 ಮೈಕ್ರೋಮೀಟರ್. ಅದರ ಗಾಜಿನ ಸೂಚ್ಯಂಕ ನಡುವಿನಿಂದ ಅಂಚಿಗೆ ಕ್ರಮೇಣ ಕಡಿಮೆಯಾಗುವುದರಿಂದ ಅಂಚಿನ ಕಿರಣಗಳು ವೇಗವಾಗಿ ಸಾಗಿ ತಡವನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತವೆ. ತಿಳಿನೀಲಿ ಹೊದಿಕೆಯ ಓಎಂ3 ಕೇಬಲ್ 10 ಗಿಗಾಬಿಟ್ಟನ್ನು 300 ಮೀಟರ್‌ವರೆಗೆ ಒಯ್ಯುತ್ತದೆ. ಹಳದಿ ಹೊದಿಕೆಯ ಸಿಂಗಲ್ ಮೋಡ್ ಫೈಬರಿನ ತಿರುಳು ಸುಮಾರು 9 ಮೈಕ್ರೋಮೀಟರ್. ಬೆಳಕಿಗೆ ದಾರಿ ಒಂದೇ, ದೂರ 10 ಕಿ.ಮೀ. ಆದರೂ ಸರಿ. 220 ಮೀಟರಿಗೆ ಎರಡೂ ನಡೆಯುತ್ತವೆ. ಮಾಡ್ಯೂಲನ್ನು ನಾಳೆ ಬದಲಿಸಬಹುದು, ನೆಲ ಅಗೆದು ಹೂತ ಕೇಬಲನ್ನು ಬದಲಿಸುವುದು ಕಷ್ಟ. ಹಾಗಾಗಿ ನನ್ನ ಒಲವು ಸಿಂಗಲ್ ಮೋಡಿನ ಕಡೆಗೆ. ಕಾರಣ ಕೊಟ್ಟು ಓಎಂ3 ಆರಿಸಿದ ಗುಂಪಿಗೂ ಪೂರ್ಣ ಅಂಕ.

*2. ಮಾಡ್ಯೂಲ್.* ವಿದ್ಯುತ್ ಸಂಕೇತವನ್ನು ಬೆಳಕಾಗಿಸುವ ಬೆರಳುದ್ದದ ಈ ಸಾಧನಕ್ಕೆ ಎಸ್‌ಎಫ್‌ಪಿ ಎಂದು ಹೆಸರು. ಎರಡು ತುದಿಗಳೂ ಹೊಂದಬೇಕು: ಎರಡೆಳೆಯ ಜೋಡಣೆಯಲ್ಲಿ ಒಂದು ಕಡೆ 1310 ನ್ಯಾನೋಮೀಟರ್, ಇನ್ನೊಂದು ಕಡೆ 850 ಇದ್ದರೆ ಕೆಲಸವಾಗದು. ಕನೆಕ್ಟರಿನ ಬಣ್ಣವನ್ನೂ ನೋಡಬೇಕು. ಮನೆಯ ಇಂಟರ್‌ನೆಟ್ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿರುವ ಹಸಿರು ತುದಿಯನ್ನು 8° ಓರೆಯಾಗಿ ನಯಗೊಳಿಸಿರುತ್ತಾರೆ. ಅದನ್ನು ನೀಲಿ ತುದಿಗೆ ಜೋಡಿಸಿದರೆ ನಡುವೆ ಗಾಳಿಯ ಸಂದು ಉಳಿದು ಬೆಳಕು ನಷ್ಟವಾಗುತ್ತದೆ.

*3. ಬೆಳಕಿನ ಆಯವ್ಯಯ.* ಲಾಗರಿದಮ್ ಬೇಡ. "3 ಡೆಸಿಬೆಲ್ ನಷ್ಟ ಎಂದರೆ ಅರ್ಧ ಉಳಿಯಿತು, 10 ಎಂದರೆ ಹತ್ತನೇ ಒಂದು" ಎಂದಷ್ಟೇ ಹೇಳಿ, ಉಳಿದದ್ದು ಕೂಡಿಸುವ ಲೆಕ್ಕ. ಕೇಬಲಿಗೆ ಸುಮಾರು 0.1, ಎರಡು ಕನೆಕ್ಟರುಗಳಿಗೆ ತಲಾ 0.5, ಎರಡು ಬೆಸುಗೆಗಳಿಗೆ ತಲಾ 0.1 ಹಿಡಿದರೆ ಒಟ್ಟು 1.3 ಡೆಸಿಬೆಲ್. ಮಾಡ್ಯೂಲ್ 8 ಡೆಸಿಬೆಲ್ ತಾಳುವುದಾದರೆ ಧಾರಾಳ. "ಹಾಗಾದರೆ 80 ಕಿ.ಮೀ. ಮಾಡ್ಯೂಲೇ ತರೋಣ" ಎಂದರೆ, ಇಷ್ಟು ಹತ್ತಿರದಲ್ಲಿ ಅದರ ಪ್ರಖರ ಬೆಳಕು ಎದುರಿನ ಗ್ರಾಹಕವನ್ನೇ ಕೆಡಿಸಬಹುದು ಎಂದು ತಿಳಿಸಿ. ಚಾರ್ಲ್ಸ್ ಕಾವೊ 1966ರಲ್ಲಿ ಕನಸಿದ್ದು ಕಿ.ಮೀ.ಗೆ 20 ಡೆಸಿಬೆಲ್ ನಷ್ಟದ ಗಾಜು, ಅಂದರೆ ನೂರರಲ್ಲಿ ಒಂದು ಪಾಲು ಉಳಿದರೆ ಸಾಕೆಂದು. ಇಂದಿನ ಗಾಜಿನಲ್ಲಿ ಕಿ.ಮೀ. ದಾಟಿದರೂ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಪಾಲು ಉಳಿಯುತ್ತದೆ. ಕಾವೊ ಅವರಿಗೆ 2009ರಲ್ಲಿ ನೊಬೆಲ್ ಬಂತು.

*4. ಸ್ವಿಚ್: 1 ಗಿಗಾಬಿಟ್ಟೋ, 10 ಗಿಗಾಬಿಟ್ಟೋ?* 4 ಗಿಗಾಬೈಟಿನ ಫೈಲಿಗೆ 1 ಗಿಗಾಬಿಟ್ಟಿನಲ್ಲಿ ಕನಿಷ್ಠ 32 ಸೆಕೆಂಡು, 10ರಲ್ಲಿ 3.2 ಸೆಕೆಂಡು ಬೇಕು. ಆದರೆ ಸರ್ವರಿನಲ್ಲಿ ಸೆಕೆಂಡಿಗೆ 160 ಮೆಗಾಬೈಟ್ ಓದುವ ಒಂದೇ ಹಾರ್ಡ್ ಡಿಸ್ಕ್ ಇದ್ದರೆ ಅದಕ್ಕೇ 25 ಸೆಕೆಂಡು ಹಿಡಿಯುತ್ತದೆ. ಡಿಸ್ಕ್ ಬದಲಿಸದೆ ಸ್ವಿಚ್ ಮಾತ್ರ ಬದಲಿಸಿದರೆ ಉಳಿಯುವುದು 7 ಸೆಕೆಂಡು.

ಮೌಲ್ಯಮಾಪನ

1. ಫೈಬರಿನ 'ಸ್ಪೀಡಿ'ಗೆ ಬೆಳಕಿನ ವೇಗ ಕಾರಣವಲ್ಲ ಎಂಬುದನ್ನು ಒಂದು ಲೆಕ್ಕದಿಂದ ತೋರಿಸಿ.
2. ದೂರ 600 ಮೀಟರ್ ಆದರೆ ನಿಮ್ಮ ಆಯ್ಕೆಗಳಲ್ಲಿ ಯಾವುದು ಬದಲಾಗುತ್ತದೆ, ಯಾವುದು ಬದಲಾಗುವುದಿಲ್ಲ?
3. ಕವಚದ ಸೂಚ್ಯಂಕ ತಿರುಳಿಗಿಂತ ಹೆಚ್ಚಾಗಿದ್ದರೆ ಏನಾಗುತ್ತಿತ್ತು?

ಮೊದಲನೆಯದಕ್ಕೆ ಅಂಕಿಗಳಿಲ್ಲದೆ ವಾಕ್ಯ ಮಾತ್ರ ಬಂದರೆ ಕಲಿಕೆ ಇನ್ನೂ ಬಾಯಿಪಾಠದ ಹಂತದಲ್ಲಿದೆ ಎಂದರ್ಥ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಎರಡು ಮಾತು. ಅಂಕುಡೊಂಕು ಕಿರಣದ ಚಿತ್ರ ಅಗಲ ತಿರುಳಿಗೆ ಸರಿ; 9 ಮೈಕ್ರೋಮೀಟರಿನ ತಿರುಳಿಗೆ ಬೆಳಕನ್ನು ಅಲೆಯಾಗಿಯೇ ನೋಡಬೇಕು. ಚಿತ್ರ ಬಿಡಿಸುವಾಗ ಸಿಂಗಲ್ ಮೋಡಿನೊಳಗೆ ಅಂಕುಡೊಂಕು ಎಳೆಯಬೇಡಿ. ಪಿಯುಸಿಯಲ್ಲಿ ಅದನ್ನು ಅಳಿಸುವುದು ಕಷ್ಟ. ಇನ್ನು, ಸ್ವಿಚ್, ಮಾಡ್ಯೂಲ್ ಹೆಸರುಗಳ ಪಟ್ಟಿಯಲ್ಲಿ ತರಗತಿ ಕಳೆದುಹೋಗದಿರಲಿ. ಹತ್ತು ವರ್ಷದಲ್ಲಿ ಆ ಹೆಸರುಗಳು ಬದಲಾಗುತ್ತವೆ. 220 ಮೀಟರಿನಲ್ಲಿ 3 ಮೀಟರ್ ಏಕೆ ಹೆಚ್ಚಾಯಿತು ಎಂದು ಲೆಕ್ಕ ಹಾಕಿ ಕಂಡುಕೊಂಡ ಹುಡುಗಿ, ಮುಂದೆ ಯಾವ ಅಂಗಡಿಯ ಮುಂದೆ ನಿಂತರೂ ಸರಿಯಾದ ಪ್ರಶ್ನೆ ಕೇಳುತ್ತಾಳೆ.