ಮೀನಿನ ಈಜಿಗೆ ಮಾರ್ಕ್ಸ್ ಕೊಡೋದು ಹೇಗೆ?

ದಂಡಿನಶಿವರದ ಸುತ್ತ, ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕೆರೆಗಳು ಒಂದರ ಕೆಳಗೊಂದು ಇರುತ್ತವೆ. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ತೆಂಗಿನ ತೋಟಗಳ ನಡುವಿನ ಹಳ್ಳದಲ್ಲಿ ಹರಿದು ಕೆಳಗಿನ ಕೆರೆ ಸೇರುತ್ತೆ. ಆಗ ಮೀನು ನೀರಿಗೆ ಎದುರಾಗಿ ಹತ್ತುತ್ತವೆ. ಬೇಸಿಗೆಯಲ್ಲಿ ಒಣಗಿದ ಕೆರೆಗೆ ಸಣ್ಣ ನಾಟಿ ಮೀನು ಮರಳಿ ಬರುವ ಒಂದು ದಾರಿ ಇದು.

ಆ ಹಳ್ಳಕ್ಕೆ ಅಡ್ಡ ರಸ್ತೆ ಬಂದರೆ ನಾವು ಇಂಜಿನಿಯರುಗಳು ಪೈಪು ಮೋರಿ ಕೂರಿಸುತ್ತೇವೆ. ಎಷ್ಟು ನೀರು ಬರುತ್ತೆ ಅಂತ ಲೆಕ್ಕ ಹಾಕುತ್ತೇವೆ. ಮೀನು ದಾಟುತ್ತಾ ಅಂತ ಲೆಕ್ಕ ಹಾಕಬೇಕಾದರೆ ಅದರ ಈಜಿಗೂ ಒಂದು ಅಂಕಿ ಬೇಕು.

ಈಜು ಸುರಂಗ

ವಿಮಾನದ ಮಾದರಿಗೆ ವಿಂಡ್ ಟನಲ್ ಇದ್ದ ಹಾಗೆ ಮೀನಿಗೆ ಈಜು ಸುರಂಗ. ಮೋಟಾರು ನೀರನ್ನು ಸುತ್ತಿಸುತ್ತೆ. ಜೇನುಗೂಡಿನಂಥ ಜಾಲರಿ ಸುಳಿಗಳನ್ನು ಒಡೆದು ಹರಿವನ್ನು ನೇರ ಮಾಡುತ್ತೆ. ನಡುವಿನ ಪಾರದರ್ಶಕ ಕೊಳವೆಯಲ್ಲಿ ಮೀನು ಈಜುತ್ತೆ, ಆದರೆ ಇದ್ದಲ್ಲೇ ಇರುತ್ತೆ. ಟ್ರೆಡ್‌ಮಿಲ್ ಅಂದುಕೊಳ್ಳಿ.

ಕೆನಡಾದ ಜೆ. ಆರ್. ಬ್ರೆಟ್ 1964ರಲ್ಲಿ ಸಾಲ್ಮನ್ ಮರಿಗಳ ಮೇಲೆ ಪ್ರಕಟಿಸಿದ ಅಧ್ಯಯನದ ವಿಧಾನ ಇಂದಿಗೂ ಬಳಕೆಯಲ್ಲಿದೆ. ನೀರಿನ ವೇಗವನ್ನು ಹಂತ ಹಂತವಾಗಿ ಏರಿಸಬೇಕು. ಪ್ರತಿ ಹಂತವನ್ನೂ ಒಂದೇ ಅವಧಿ ನಡೆಸಬೇಕು. ಮೀನು ಸುಸ್ತಾಗಿ ಹಿಂದಿನ ಜಾಲರಿಗೆ ಒರಗಿ ಮೇಲೇಳದಿದ್ದರೆ ಪರೀಕ್ಷೆ ಮುಗಿಯಿತು. ಆಗ ಬರುವ ಅಂಕಿಯೇ ನಿರ್ಣಾಯಕ ವೇಗ:

ನಿರ್ಣಾಯಕ ವೇಗ = ಪೂರ್ತಿ ಮುಗಿಸಿದ ಕೊನೆಯ ಹಂತದ ವೇಗ + (ಸುಸ್ತಾದ ಹಂತದಲ್ಲಿ ಈಜಿದ ಸಮಯ ÷ ಹಂತದ ಅವಧಿ) × ಒಂದು ಹಂತದ ಏರಿಕೆ

ಒಂದು ಲೆಕ್ಕ

ಉದಾಹರಣೆಗೆ 12 ಸೆಂ.ಮೀ. ಉದ್ದದ ಮೀನು. ಪ್ರತಿ 30 ನಿಮಿಷಕ್ಕೆ ಸೆಕೆಂಡಿಗೆ 10 ಸೆಂ.ಮೀ. ಏರಿಕೆ. 60ರ ಹಂತ ಮುಗಿಸಿ, 70ರ ಹಂತದಲ್ಲಿ 12 ನಿಮಿಷಕ್ಕೆ ಸುಸ್ತಾಯಿತು ಅಂತಿಟ್ಟುಕೊಳ್ಳೋಣ. ಉತ್ತರ: 60 + (12 ÷ 30) × 10 = ಸೆಕೆಂಡಿಗೆ 64 ಸೆಂ.ಮೀ. ಮೀನಿನ ಉದ್ದದಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 5.3 ದೇಹದುದ್ದ. ಚಿಕ್ಕ ಮೀನನ್ನೂ ದೊಡ್ಡ ಮೀನನ್ನೂ ಹೋಲಿಸೋಕೆ ಈ ಎರಡನೇ ಅಂಕಿ ಅನುಕೂಲ.

ಎಚ್ಚರ ಎಲ್ಲಿ?

ಈ 64 ಮೀನಿನದ್ದಷ್ಟೇ ಅಲ್ಲ, ಪರೀಕ್ಷೆಯದ್ದೂ ಹೌದು. ಹಂತದ ಅವಧಿ ಬದಲಾದರೆ ಅಂಕಿಯೂ ಬದಲಾಗುತ್ತೆ. ನೀರಿನ ಉಷ್ಣತೆಯ ಪ್ರಭಾವವೂ ಇದೆ: 20 ಡಿಗ್ರಿಯಲ್ಲಿ ಲೀಟರ್ ನೀರಿನಲ್ಲಿ ಸುಮಾರು 9.1 ಮಿಲಿಗ್ರಾಂ ಆಮ್ಲಜನಕ ಕರಗಿದರೆ, 30 ಡಿಗ್ರಿಯಲ್ಲಿ ಸುಮಾರು 7.6 ಮಾತ್ರ. ಕೊಳವೆ ಇಕ್ಕಟ್ಟಾಗಿದ್ದರೆ ಮೀನಿನ ಮೈ ಪಕ್ಕದಲ್ಲಿ ನೀರು ಇನ್ನೂ ಜೋರಾಗಿ ಹರಿಯುತ್ತೆ. ಅದು ನಿರಂತರತೆಯ ಸಮೀಕರಣ ಅಷ್ಟೆ. ಹಾಗಾಗಿ ವಿಧಾನ, ಉಷ್ಣತೆ, ಮೀನಿನ ಉದ್ದ ಬರೆಯದ ಅಂಕಿಯನ್ನು ನಂಬೋ ಹಾಗಿಲ್ಲ.

ಮತ್ತೆ ಮೋರಿಗೆ

ಮೀನಿಗೆ ಗೇರುಗಳಿವೆ. 200 ನಿಮಿಷಕ್ಕೂ ಮೀರಿ ನಡೆಯುವ ನಿಧಾನದ ಈಜು. 20 ಸೆಕೆಂಡಿನಿಂದ 200 ನಿಮಿಷದವರೆಗಿನ ನಡುವಿನ ಈಜು. 20 ಸೆಕೆಂಡಿನೊಳಗೆ ಮುಗಿಯುವ ಜಿಗಿತದ ಈಜು.

ನಮ್ಮ ಮೀನಿನ ಜಿಗಿತದ ವೇಗ ಸೆಕೆಂಡಿಗೆ 10 ದೇಹದುದ್ದ, ಅಂದ್ರೆ 120 ಸೆಂ.ಮೀ. ಅಂತಿಟ್ಟುಕೊಳ್ಳೋಣ. ಮೋರಿಯ ನೀರು ಸೆಕೆಂಡಿಗೆ 100 ಸೆಂ.ಮೀ. ವೇಗದಲ್ಲಿ ಎದುರಾದರೆ ಮೀನು ಮುಂದೆ ಸರಿಯೋದು ಬರೀ 20 ಸೆಂ.ಮೀ. 20 ಸೆಕೆಂಡಿನಲ್ಲಿ 4 ಮೀಟರ್. ಮೋರಿ 7 ಮೀಟರ್ ಇದ್ದರೆ 3 ಮೀಟರ್ ಬಾಕಿ ಇರುವಾಗಲೇ ಉಸಿರು ಮುಗಿದು ನೀರು ಅದನ್ನು ವಾಪಸ್ ತಳ್ಳುತ್ತೆ.

ಅದೇ ನೀರಿಗೆ ಅಗಲವಾದ ಮೋರಿ ಕೊಟ್ಟು ವೇಗ 50ಕ್ಕೆ ಇಳಿಸಿದರೆ? ಮೀನು 64ರಲ್ಲೇ ಈಜಿದರೂ ಸೆಕೆಂಡಿಗೆ 14 ಸೆಂ.ಮೀ. ಮುಂದೆ ಹೋಗುತ್ತೆ; 7 ಮೀಟರಿಗೆ 50 ಸೆಕೆಂಡು. ದಾಟಿತು! ಪೈಪಿನ ತಳವನ್ನು ಹಳ್ಳದ ಮಟ್ಟಕ್ಕಿಂತ ಸ್ವಲ್ಪ ತಗ್ಗಿಸಿ ಒಳಗೆ ಕಲ್ಲು, ಮರಳು ನಿಲ್ಲುವಂತೆ ಮಾಡಿದರೆ ತಳದಲ್ಲಿ ನೀರು ಇನ್ನೂ ನಿಧಾನ. ಮೀನಿಗೆ ತಂಗುದಾಣವೂ ಸಿಗುತ್ತೆ.

ಮುಂದಿನ ಸಲ ಮೋರಿಯ ಡಿಸೈನ್ ಅಸೈನ್‌ಮೆಂಟ್ ಬಂದಾಗ ನೀರಿನ ವೇಗದ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕೋಣ: ಇಲ್ಲಿನ ಮೀನಿನ ವೇಗ. ಎರಡನ್ನೂ ಹೋಲಿಸಿದ ಮೇಲೆ ಪೈಪಿನ ಅಳತೆ ಬರೆಯೋಣ.